ಡ್ರಿಲ್ ಮೇಷ್ಟ್ರ ತೂಗುಮಂಚ

ರುದ್ರಮುನಿಯಪ್ಪ ಡ್ರಿಲ್ ಮೇಷ್ಟ್ರಾಗಿ ನಿವೃತ್ತರಾದವರು. ಅವರ ಟ್ರ್ಯಾಕ್ಟರೂ ಸಾವಧಾನ್‌ನಲ್ಲೇ ನಿಲ್ಲಬೇಕು.

ಓಬಯ್ಯ ಅವರ ಡ್ರೈವರು. ಅಂದು ಮಧ್ಯಾಹ್ನ ಮಣ್ಣು ಪುಡಿ ಮಾಡುವ ರೋಟವೇಟರ್ ಬಿಚ್ಚಿ ನೇಗಿಲು ಕಟ್ಟಿದ. ಟ್ರ್ಯಾಕ್ಟರಿನ ಹಿಂದೆ ಕಟ್ಟಿದ್ದು ಎಡಬಲಕ್ಕೆ ಆಡದಂತೆ ಹಿಡಿಯುವ ಎರಡು ಸ್ಟೆಬಿಲೈಸರ್ ಪಟ್ಟಿಗಳನ್ನು ತುಸು ಸಡಿಲ ಮಾಡಲು ಹೊರಟ.

“ಅಲ್ಲಾಡಬಾರದು,” ಎಂದರು ಮೇಷ್ಟ್ರು. “ಸಡಿಲ ಮಾಡಿದ್ರೆ ಕೀಲಿಕೈ ಇಟ್ಟು ಮನೆಗೆ ನಡಿ.”

“ಕಲ್ಲು ಸಿಕ್ರೆ ಪಟ್ಟಿ ಬಗ್ಗುತ್ತೆ ಮೇಷ್ಟ್ರೇ.”

“ಬಿಗಿ ಅಂದ್ರೆ ಬಿಗಿ.”

ಓಬಯ್ಯ ಪಟ್ಟಿಗಳನ್ನು ಹಾಗೇ ಬಿಟ್ಟ. ಆಮೇಲೆ ಎರಡು ಹಗ್ಗ ತಂದು ಪಡಸಾಲೆಯ ತೂಗುಮಂಚವನ್ನೂ ಅಲ್ಲಾಡದಂತೆ ಕಂಬಗಳಿಗೆ ಬಿಗಿದ.

ಊಟ ಮುಗಿಸಿ ಮೇಷ್ಟ್ರು ಮಲಗಿದರು. ಗೋಡೆಯ ಮೇಲೆ ಬೇವಿನ ನೆರಳು ತೂಗುತ್ತಿತ್ತು. ಬಾಗಿಲ ಪರದೆ ತೂಗುತ್ತಿತ್ತು. ಅಂಗಳದಲ್ಲಿ ಎಮ್ಮೆಯ ಬಾಲವೂ ತೂಗುತ್ತಿತ್ತು. ಇಡೀ ಲೋಕ ಜೋಂಪಿನಲ್ಲಿ ತೇಲುತ್ತಿದ್ದಾಗ ಮೇಷ್ಟ್ರಿಗೆ ಮಾತ್ರ ನಿದ್ದೆ ಬರಲಿಲ್ಲ.

“ಮಂಚಾನ ಯಾಕೋ ಕಟ್ಟಿದ್ದು?”

“ಅಲ್ಲಾಡಬಾರದು ಅಂದ್ರಲ್ಲ.”

“ಅಲ್ಲಾಡದೆ ನಿದ್ದೆ ಹೆಂಗೆ ಬರುತ್ತೋ?”

“ನೇಗಿಲಿಗೂ ಹಂಗೇ ಮೇಷ್ಟ್ರೇ. ಸ್ವಲ್ಪ ತೂಗಿದ್ರೇನೇ ಅದು ಸಾಲು ಹಿಡಿಯೋದು.”

ಮೇಷ್ಟ್ರು ಸೋಲಲಿಲ್ಲ. “ಹಂಗಾದ್ರೆ ರೋಟವೇಟರಿಗೆ ಯಾಕೆ ಬಿಗಿ ಮಾಡ್ತೀಯ?”

“ಕಾಫಿ ಕುಡಿಯುವಾಗ ನೀವು ಕಾಲೂರಿ ಮಂಚ ನಿಲ್ಲಿಸಲ್ವ? ಅದು ಹಂಗೆ.”

ಮೇಷ್ಟ್ರು ಅಂಗಳದ ಕಡೆ ಹೊರಳಿದರು. ಎಮ್ಮೆಯ ಬಾಲ ಏಳೆಂಟು ಸಲ ಹೋಗಿ ಬಂತು. ಆಮೇಲೆ ಕಣ್ಣು ಮುಚ್ಚಿ, ಒಂದು ಕಾಲಕ್ಕೆ ಇಡೀ ಮೈದಾನಕ್ಕೆ ಕೇಳಿಸುತ್ತಿದ್ದ ದನಿಯನ್ನು ಮೆತ್ತಗೆ ಮಾಡಿ ಆಜ್ಞೆ ಕೊಟ್ಟರು:

“ನೇಗಿಲು, ಮಂಚ, ಎರಡೂ... ವಿಶ್ರಾಮ್.”