ಬಾಗಿಲುಪಟ್ಟಿಯ ಖಾಲಿ ಚೌಕ

"ಗುರುಗಳೇ, ಬಾಗಿಲುಗಳ ಪಟ್ಟಿಯಲ್ಲಿ ಖಾಲಿ ಉಳಿದ ಚೌಕಗಳಿಗೆಲ್ಲ ಒಂದೇ ಸಲಕ್ಕೆ ಅಡ್ಡಗೆರೆ ಹಾಕಿಬಿಡಬಹುದು. ಸಾಫ್ಟ್‌ವೇರಿನಲ್ಲೇ ಅದಕ್ಕೆ ಅನುಕೂಲವಿದೆ, ಹಾಳೆಯೂ ಚೊಕ್ಕಟವಾಗಿ ಕಾಣುತ್ತದೆ. ನೀವೇಕೆ ಬೇಡ ಎನ್ನುತ್ತೀರಿ?" ಎಂದು ಶಿಷ್ಯ ತಿಪ್ಪೇಸ್ವಾಮಿ ಕೇಳಿದ.

ಕಟ್ಟಡಗಳ ನಕ್ಷೆ ಬರೆಯುತ್ತಲೇ ತಲೆ ನರೆತಿದ್ದ ಕಾಳಾಚಾರ್ಯರು ಕುರ್ಚಿಯನ್ನು ಅವನ ಕಡೆ ತಿರುಗಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ನಕ್ಷೆಗಾರನಿದ್ದ. ಕೆಲಸದಲ್ಲಿ ಗಟ್ಟಿಗ. ಅವನಿಗೆ ತಿಳಿಯದ್ದು ಯಾವುದೂ ಇಲ್ಲವೆಂದು ಊರೇ ನಂಬಿತ್ತು, ಊರಿಗಿಂತ ಮೊದಲು ಅವನೇ ನಂಬಿದ್ದ. ಹೆಣ್ಣುಮಕ್ಕಳ ಹಾಸ್ಟೆಲೊಂದರ ನಕ್ಷೆ ಅವನ ಪಾಲಿಗೆ ಬಂತು. ಪ್ರತಿ ಬಾಗಿಲಿನ ಅಗಲ, ಎತ್ತರ, ಮರ, ಒಳಚಿಲಕ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿದ.

ಕೆಲವು ಚೌಕಗಳು ಖಾಲಿ ಉಳಿದವು. ಊಟದ ಮನೆಯ ಬಾಗಿಲಿಗೆ ಒಳಚಿಲಕ ಬೇಕಿರಲಿಲ್ಲ, ಅದಕ್ಕೆ ಖಾಲಿ. ಸ್ನಾನದ ಕೋಣೆಗಳಿಗೆ ಎಂಥ ಚಿಲಕವೆಂದು ಅವನು ಕೇಳಿಯೇ ಇರಲಿಲ್ಲ, ಅದಕ್ಕೂ ಖಾಲಿ. ಮೊದಲ ವಾರದಲ್ಲೇ ಕೇಳಬೇಕಿದ್ದ ಮಾತು. ಈಗ ವಾರ್ಡನ್ ಅಮ್ಮನ ಮುಂದೆ ನಿಂತು, ಇಷ್ಟು ದಿನ ಮರೆತಿದ್ದೆ ಎನ್ನಲು ಅವನಿಗೆ ನಾಚಿಕೆಯಾಯಿತು. ಮರುದಿನ ಹಾಸ್ಟೆಲಿನ ಹಿರಿಯರು ಹಾಳೆ ನೋಡಲು ಬರುವವರಿದ್ದರು. ಅವನು ಒಂದು ಗುಂಡಿ ಒತ್ತಿದ. ಖಾಲಿ ಚೌಕಗಳಲ್ಲೆಲ್ಲ 'ಬೇಡ' ಎಂಬರ್ಥದ ಅಡ್ಡಗೆರೆ ಬಂದು ಕೂತಿತು.

ಹಿರಿಯರು ಹಾಳೆ ನೋಡಿ ಭೇಷ್ ಎಂದರು. ಚಿಲಕದ ವಿಷಯ ಆಮೇಲೆ ನೋಡಿಕೊಂಡರಾಯಿತು ಎಂದುಕೊಂಡ. ಆದರೆ ಎಲ್ಲ ಕಡೆ ಗೆರೆ ಬಿದ್ದ ಮೇಲೆ, ಕೇಳಬೇಕಾದದ್ದು ಎಲ್ಲಿತ್ತು ಎಂಬುದು ಅವನ ಕಣ್ಣಿಗೇ ಕಾಣದಾಯಿತು.

ಹಾಸ್ಟೆಲಿಗೆ ಮಕ್ಕಳು ಬಂದು ಎರಡು ತಿಂಗಳಾದ ಮೇಲೆ, ತನ್ನ ಕಟ್ಟಡವನ್ನೊಮ್ಮೆ ನೋಡಿ ಹಿಗ್ಗೋಣವೆಂದು ಹೋದ. ಅಂಗಳದ ಆಚೆ ಸ್ನಾನದ ಕೋಣೆಗಳ ಸಾಲು ಕಂಡಿತು. ಮುಚ್ಚಿದ ಪ್ರತಿ ಬಾಗಿಲಿಗೂ ಒಬ್ಬೊಬ್ಬ ಹುಡುಗಿ ಬೆನ್ನು ಕೊಟ್ಟು ನಿಂತಿದ್ದಳು. ಒಳಗಿದ್ದವಳಿಗೆ ಹೊರಗಿದ್ದವಳೇ ಚಿಲಕ. ಗಂಡಸನ್ನು ಕಂಡು ಎಲ್ಲರೂ ತಲೆ ತಗ್ಗಿಸಿದರು, ಆದರೆ ಒಬ್ಬಳೂ ಜಾಗ ಬಿಟ್ಟು ಕದಲಲಿಲ್ಲ.

ಹಿತ್ತಲಲ್ಲಿ ಉಗ್ರಾಣಕ್ಕೆ ಬಾಗಿಲು ಕೂರಿಸುತ್ತಿದ್ದ ಬಡಗಿಯ ಮೇಲೆ ಹರಿಹಾಯ್ದ. "ಸ್ನಾನದ ಕೋಣೆಗೆ ಚಿಲಕ ಬೇಡ್ವೇನಯ್ಯಾ? ಅಷ್ಟೂ ಗೊತ್ತಾಗಲ್ವಾ ನಿನಗೆ?"

"ನಮಗೂ ಅನುಮಾನ ಬಂತು ಸ್ವಾಮಿ. ಆದ್ರೆ ನೀವು ಗೆರೆ ಎಳೆದಿದ್ರಿ. ಮಕ್ಕಳು ಒಳಗೆ ಸಿಕ್ಕಿಹಾಕ್ಕೊಂಡಾರು ಅಂತ ಬೇಡ ಅಂದಿರ್ಬೇಕು ಅಂದ್ಕೊಂಡ್ವಿ. ವಾರ್ಡನ್ ಅಮ್ಮ ಕೇಳಿದಾಗ್ಲೂ ನಿಮ್ಮ ಹಾಳೆ ತೋರಿಸಿ ಅದೇ ಹೇಳಿದ್ವಿ. ಖಾಲಿ ಬಿಟ್ಟಿದ್ರೆ ನಿಮ್ಮನ್ನೇ ಕೇಳ್ತಿದ್ವಿ."

ನಕ್ಷೆಗಾರ ಆಗಲೇ ಪೇಟೆಗೆ ಹೋಗಿ ಚಿಲಕ ತಂದ. ಸಂಜೆಯೊಳಗೆ ಅಷ್ಟೂ ಬಾಗಿಲಿಗೆ ಹಾಕಿಸಿದ.

ಕತೆ ಮುಗಿಯಿತೆಂದು ತಿಪ್ಪೇಸ್ವಾಮಿ ಹಗುರಾಗಿ ನಕ್ಕ. "ಹಾಗಾದರೆ ತಪ್ಪು ಅಂದೇ ಸರಿಹೋಯಿತಲ್ಲ, ಗುರುಗಳೇ."

ಕಾಳಾಚಾರ್ಯರು ಅವನ ಮುಖವನ್ನೇ ನೋಡುತ್ತಾ ಕೇಳಿದರು: "ಅವನು ಅರ್ಧ ಗಳಿಗೆ ಪಡಬೇಕಿದ್ದ ನಾಚಿಕೆಯನ್ನು ಆ ಮಕ್ಕಳು ಎರಡು ತಿಂಗಳು ಪಟ್ಟರಲ್ಲ, ಅದನ್ನು ಯಾವ ಚಿಲಕ ಸರಿಮಾಡಿತು?"