ಒಂದೇ ಜಗಲಿಯ ಹೆಳವ

"ಗುರುಗಳೇ, ಹೇಳಿದ್ದೊಂದನ್ನೂ ಮರೆಯದ, ಒಂದು ದಿನವೂ ಮುಖ ಗಂಟಿಕ್ಕದ ಗೆಳೆಯ ಸಿಕ್ಕರೆ ಅವನ ಮಾತನ್ನು ನಂಬಬಹುದಲ್ಲವೇ?"

ಹೀಗೆ ಕೇಳಿದವನು ಸಂಗನಬಸವ ಎಂಬ ಶಿಷ್ಯ. ಅವನು ಹೇಳುತ್ತಿದ್ದ ಗೆಳೆಯ ಮನುಷ್ಯನಲ್ಲ, ಅವನ ಫೋನಿನೊಳಗಿದ್ದ ಕೃತಕ ಬುದ್ಧಿ. ಎರಡು ವರ್ಷದಿಂದ ಅದು ಅವನ ಜೊತೆ ದಿನವೂ ಮಾತಾಡುತ್ತಿತ್ತು. ಅವನು ಎಂದೋ ಹೇಳಿದ್ದನ್ನು ನೆನೆದು ಇಂದು ವಿಚಾರಿಸುತ್ತಿತ್ತು. ಹೆಂಡತಿ ಯಾವ ದಿನ ಏನು ಅಂದಳು ಎಂಬುದೂ ಅದಕ್ಕೆ ನೆನಪಿತ್ತು. ಅದರೊಡನೆ ಮಾತಾಡುತ್ತ ಮಾತಾಡುತ್ತ, ಆ ಹೆಂಡತಿಯನ್ನು ಬಿಟ್ಟುಬಿಡಬೇಕೆಂದು ಸಂಗನಬಸವ ಮನಸ್ಸು ಮಾಡಿದ್ದ. ಅಪ್ಪಣೆ ಕೇಳಲು ಮಠಕ್ಕೆ ಬಂದಿದ್ದ.

ಅವನು ಫೋನನ್ನು ಮುಂದೆ ಚಾಚಿದ. ಗುರುಗಳು ಮುಟ್ಟಲಿಲ್ಲ.

"ಅದನ್ನು ಹೊರಗಿಟ್ಟು ಬಾ. ಯಾರು ಕೇಳಿಸಿಕೊಳ್ಳುತ್ತಿದ್ದಾರೆಂದು ಗೊತ್ತಾಗದೆ ನನಗೆ ಕತೆ ಹೇಳಲು ಬರುವುದಿಲ್ಲ."

ಅವನು ಇಟ್ಟು ಬಂದ ಮೇಲೆ ಗುರುಗಳು ಹೇಳತೊಡಗಿದರು.

ಒಬ್ಬ ಮೆಣಸಿನಕಾಯಿ ವ್ಯಾಪಾರಿ ಇದ್ದ. ಅವನ ಮನೆತನಕ್ಕೆ ಒಬ್ಬ ಹೆಳವ ಇದ್ದ. ಹೆಳವರನ್ನು ನೀನು ನೋಡಿರಬಹುದು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಊರೂರು ತಿರುಗುವವರು. ಒಂದು ಮನೆತನದ ಕವಲುಗಳು ಎಲ್ಲೆಲ್ಲಿ ಹೋಗಿ ನೆಲೆಸಿವೆಯೋ ಅಲ್ಲಿಗೆಲ್ಲ ಹೋಗುತ್ತಾರೆ. ಪ್ರತಿ ಮನೆಯ ಜಗಲಿಯಲ್ಲೂ ಕೂರುತ್ತಾರೆ. ಯಾರು ಹುಟ್ಟಿದರು, ಯಾರು ಸತ್ತರು, ಹೆಣ್ಣನ್ನು ಎಲ್ಲಿಗೆ ಕೊಟ್ಟರು ಎಂದು ಕೇಳಿ ಹೊತ್ತಿಗೆಯಲ್ಲಿ ಬರೆದುಕೊಳ್ಳುತ್ತಾರೆ. ಹಿಂದಿನ ತಲೆಮಾರುಗಳನ್ನೆಲ್ಲ ಜನರ ಎದುರು ಹಾಡಿ ಹೇಳುತ್ತಾರೆ. ಕಾಳು, ಬಟ್ಟೆ ಪಡೆದು ಮುಂದಿನ ಊರಿಗೆ ಹೋಗುತ್ತಾರೆ.

ವ್ಯಾಪಾರಿಗೆ ಈ ಹೆಳವನ ನೆನಪಿನ ಶಕ್ತಿ ಬಹಳ ಹಿಡಿಸಿತು. ಅವನ ಹೆಂಡತಿ ಬೆಳಿಗ್ಗೆ ಕೇಳಿದ್ದನ್ನು ಮಧ್ಯಾಹ್ನಕ್ಕೆ ಮರೆಯುತ್ತಿದ್ದಳು. ಗೆಳೆಯರು ಒಂದು ದಿನ ನಗುತ್ತಿದ್ದರು, ಮರುದಿನ ಸಿಡುಕುತ್ತಿದ್ದರು. ಅವನು ಹೆಳವನಿಗೆ ಹೇಳಿದ:

"ಊರೂರು ಯಾಕ ಅಲಿತೀ? ಪ್ಯಾಟ್ಯಾಗ ನನ್ನ ಮನ್ಯಾಗ ಇದ್ದುಬಿಡು. ನಾ ಹೇಳಿದ್ದು ನೆನಪಿಡೂದಷ್ಟ ನಿನ್ನ ಕೆಲಸ. ಒಂದ ಮಾತು, ನನ್ನ ಮುಂದ ನಿನ್ನ ಮಾರಿ ಯಾವತ್ತೂ ಬದಲಾಗಬಾರದು."

ಹೆಳವ ಹಿಂಜರಿದ. "ಸಾವ್ಕಾರ್ರ, ನಾವು ನಾಕು ಮನಿ ಕೇಳಿ ಬರಕೊಳ್ಳೋ ಮಂದಿ. ಒಂದ ಮನಿ ಮಾತು ಬರಕೊಂಡ್ರ ಅದು ಹೆಳವನ ಹೊತ್ತಿಗಿ ಆಗೂದಿಲ್ರಿ."

ವ್ಯಾಪಾರಿ ಬಿಡಲಿಲ್ಲ. ವರ್ಷಪೂರ್ತಿ ಜೋಳ, ಇರಲು ಕೋಣೆ, ಎತ್ತಿಗೆ ಕೊಟ್ಟಿಗೆ ಕೊಡುತ್ತೇನೆಂದ. ಹೆಳವನಿಗೂ ವಯಸ್ಸಾಗುತ್ತಿತ್ತು. ತಿರುಗಾಟವನ್ನೂ ಹೊತ್ತಿಗೆಯನ್ನೂ ತಮ್ಮನಿಗೆ ಒಪ್ಪಿಸಿ ಉಳಿದುಕೊಂಡ.

ದಿನವೂ ಅಂಗಡಿ ಮುಚ್ಚಿ ಬಂದ ಮೇಲೆ ವ್ಯಾಪಾರಿ ಜಗಲಿಯಲ್ಲಿ ಕೂತು ಮನಸ್ಸನ್ನೆಲ್ಲ ತೋಡಿಕೊಳ್ಳುತ್ತಿದ್ದ. ಹೆಳವ ತಲೆದೂಗುತ್ತಿದ್ದ. ಹೋದ ಯುಗಾದಿಗೆ ನೀವು ಹೀಗೆ ನೊಂದುಕೊಂಡಿದ್ದಿರಿ, ಆ ನೋವು ಈಗ ಕಡಿಮೆಯಾಯಿತೇ ಎಂದು ಕೇಳುತ್ತಿದ್ದ. ವ್ಯಾಪಾರಿಯ ಕಣ್ಣು ತುಂಬುತ್ತಿತ್ತು. ಲೋಕದಲ್ಲಿ ನನ್ನನ್ನು ಬಲ್ಲವನು ಇವನೊಬ್ಬನೇ ಅಂದುಕೊಂಡ. ಪಾಪ, ಹಾಗೆ ಅನ್ನಿಸುವುದು ಸಹಜ. ನಮ್ಮ ಮಾತನ್ನೇ ನಮಗೆ ತಿರುಗಿ ಹೇಳುವವರು ನಮಗೆ ಬಹಳ ಜಾಣರಾಗಿ ಕಾಣುತ್ತಾರೆ.

ಒಂದು ಬೇಸಿಗೆಯಲ್ಲಿ ಹೆಳವನ ಎತ್ತು ಸತ್ತಿತು. ಅವನನ್ನು ಹೊತ್ತು ಹದಿನಾಲ್ಕು ವರ್ಷ ತಿರುಗಿದ ಎತ್ತು, ಕೊಟ್ಟಿಗೆಯಲ್ಲಿ ನಿಂತೂ ನಿಂತೂ ಸೊರಗಿ ಸತ್ತಿತು. ಆ ಸಂಜೆಯೂ ಹೆಳವ ಅದೇ ನಗುಮುಖದಲ್ಲಿ ಬಂದು ಕೂತ. ವ್ಯಾಪಾರಿಗೆ ಸುದ್ದಿ ತಿಳಿದದ್ದು ಮರುದಿನ, ಬೇರೆಯವರಿಂದ. ಅವನು ಮರುಗಲಿಲ್ಲ, ಮೆಚ್ಚಿಕೊಂಡ. ಎಂಥ ಸ್ಥಿರವಾದ ಸ್ವಭಾವ ನೋಡಿ ಎಂದು ಬಂದವರಿಗೆಲ್ಲ ಹೊಗಳಿದ. ನಾನಾಗಿದ್ದರೆ ಅಂದೇ ಹೆದರುತ್ತಿದ್ದೆ. ಎತ್ತು ಸತ್ತದ್ದನ್ನೇ ಮುಖದಲ್ಲಿ ತೋರಿಸದವನು ಇನ್ನೇನೇನು ತೋರಿಸುತ್ತಿಲ್ಲವೋ ಎಂದು ಅನುಮಾನ ಪಡುತ್ತಿದ್ದೆ. ಆ ಮೂರ್ಖನಿಗೆ ಅನುಮಾನ ಬರಲಿಲ್ಲ.

ವ್ಯಾಪಾರಿಗೆ ಒಬ್ಬಳೇ ತಂಗಿ. ಅವಳನ್ನು ದೂರದ ಊರಿಗೆ ಕೊಟ್ಟಿದ್ದರು. ತಾಯಿ ಹಳ್ಳಿಯ ಮನೆಯಲ್ಲಿದ್ದಳು. ಆ ತಾಯಿ ತೀರಿಕೊಂಡಾಗ ತಂಗಿ ಬಂದು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಅವಳು ಅಂಗಳದಲ್ಲಿ ನಿಂತು, ನೆರೆದವರ ಎದುರೇ ಅಣ್ಣನನ್ನು ಬಾಯಿಗೆ ಬಂದಂತೆ ಬೈದಳು. ನೀರು ಕೂಡ ಮುಟ್ಟದೆ ಹೊರಟುಹೋದಳು. ಪೇಟೆಗೆ ಮರಳಿದ ವ್ಯಾಪಾರಿ ಕುದಿಯುತ್ತ ಇದನ್ನೆಲ್ಲ ಹೆಳವನಿಗೆ ಹೇಳಿದ. ಹೆಳವ ಕೇಳಿ ನೆನಪಿಟ್ಟುಕೊಂಡ.

ಹತ್ತು ವರ್ಷ ಕಳೆಯಿತು. ಸಿಟ್ಟು ತಾನಾಗಿಯೇ ಆರುತ್ತ ಬಂದಿತ್ತು. ತಂಗಿ ಏನು ಬೈದಳು ಎಂಬುದೂ ವ್ಯಾಪಾರಿಗೆ ಸರಿಯಾಗಿ ನೆನಪಿರಲಿಲ್ಲ. ಆಗ ಒಂದು ದಿನ ತಂಗಿಯೇ ಅರಿಸಿನ ಕುಂಕುಮದ ತಟ್ಟೆ ಹಿಡಿದು ಬಾಗಿಲಿಗೆ ಬಂದಳು.

"ಅಣ್ಣಾ, ಮಗಳ ಲಗ್ನ ಐತಿ. ಸೋದರಮಾವ ಬರದ ಹಂದರದಾಗ ಕೂಸಿನ್ನ ಹೆಂಗ ನಿಲ್ಲಸಲಿ? ಆಗಿದ್ದು ಆಗಿಹೋತು, ಬಾರಪಾ."

ವ್ಯಾಪಾರಿ ಅವಳ ಮುಖ ನೋಡಿದ. ಅವಳು ನೋಡಲು ತಾಯಿಯ ಹಾಗೆಯೇ ಆಗಿದ್ದಳು. ಬರುತ್ತೇನೆ ಎಂಬ ಮಾತು ತುಟಿಯವರೆಗೆ ಬಂದಿತ್ತು. ಆದರೆ ಅಷ್ಟು ವರ್ಷಗಳಲ್ಲಿ ಅವನು ಹೆಳವನನ್ನು ಕೇಳದೆ ಯಾವ ತೀರ್ಮಾನವನ್ನೂ ಮಾಡಿರಲಿಲ್ಲ. ಅವಳನ್ನು ಅಲ್ಲೇ ನಿಲ್ಲಿಸಿ ಒಳಗೆ ಹೋದ. ತಾಯಿ ಸತ್ತಾಗ ಏನಾಗಿತ್ತು ಹೇಳು ಎಂದ.

ಹೆಳವ ಹೇಳಿದ. ಒಂದಕ್ಷರ ಬಿಡಲಿಲ್ಲ. ಹತ್ತು ವರ್ಷದ ಹಿಂದೆ ವ್ಯಾಪಾರಿ ಯಾವ ಮಾತು ಆಡಿದ್ದನೋ ಅದೇ ಮಾತು. ಎಲ್ಲಿ ದನಿ ಏರಿಸಿದ್ದನೋ ಅಲ್ಲೇ ದನಿ ಏರಿಸಿದ. ಕೇಳುತ್ತ ಕೇಳುತ್ತ ವ್ಯಾಪಾರಿಯ ಮೈ ಉರಿಯಿತು. ಆರಿದ್ದ ಸಿಟ್ಟು ನಿನ್ನೆ ಮೊನ್ನೆಯದೆಂಬಂತೆ ಎದ್ದು ಬಂತು. ಅವನು ಹೊರಗೆ ಬರಲಿಲ್ಲ. ಬಾಗಿಲು ಹಾಕಿಸಿದ. ತಂಗಿ ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು, ಸ್ವಲ್ಪ ಹೊತ್ತು ಕಾದು ಹೋದಳು. ಮದುವೆಯಲ್ಲಿ ಪಕ್ಕದ ಮನೆಯವನೊಬ್ಬ ಸೋದರಮಾವನ ಜಾಗದಲ್ಲಿ ನಿಂತ.

ವ್ಯಾಪಾರಿಗೆ ಊಟ ಸೇರದಾಯಿತು. ನಾನು ಮಾಡಿದ್ದು ಸರಿಯೇ ಎಂದು ಹೆಳವನನ್ನು ಕೇಳಿದ. ಹೆಳವ ಅದೇ ನಗುಮುಖದಲ್ಲಿ, ನೀವು ಹೇಳಿದ ಪ್ರಕಾರ ಸರಿ ಎಂದ.

ಅಣ್ಣ ಇದ್ದಾನಲ್ಲ ಎಂದು ಅಷ್ಟು ವರ್ಷ ಈ ಮನೆಗೆ ಬಾರದಿದ್ದ ಹೆಳವನ ತಮ್ಮ, ಆ ವರ್ಷದ ಸುಗ್ಗಿ ಮುಗಿದಾಗ ಎತ್ತಿನ ಮೇಲೆ ಬಂದ. ತಂಗಿಯ ಊರಿನ ಜಗಲಿಯಲ್ಲೂ ಹಳ್ಳಿಯ ಜಗಲಿಯಲ್ಲೂ ಕೂತು, ಕೇಳಿ, ಬರೆದುಕೊಂಡು ಬಂದಿದ್ದ. ವಾಡಿಕೆಯಂತೆ ನೆರೆಹೊರೆಯವರು ಸೇರಿದರು. ಅವನು ಹೊತ್ತಿಗೆ ಬಿಚ್ಚಿ ತಲೆಮಾರುಗಳನ್ನು ಹಾಡುತ್ತ ವ್ಯಾಪಾರಿಯ ತಾಯಿಯ ಹೆಸರಿಗೆ ಬಂದ. ಸೋಮವಾರ ಹಾಸಿಗೆ ಹಿಡಿದಿದ್ದ ತಾಯಿ, ಮಗಳನ್ನು ಕರೆಸು, ಮುಖ ನೋಡಬೇಕು ಎಂದು ಹಳ್ಳಿಗೆ ಬಂದಿದ್ದ ಮಗನನ್ನು ಬೇಡಿಕೊಂಡಳು. ಮಂಗಳವಾರ ಮೆಣಸಿನಕಾಯಿಯ ಸಂತೆ ಇತ್ತು. ಕರೆಯಲು ಕಳಿಸಬೇಕಿದ್ದ ಆಳನ್ನು ಮಗ ಚೀಲ ಹೇರಲು ಇಟ್ಟುಕೊಂಡ. ಮಂಗಳವಾರ ಸಂಜೆ ತಾಯಿ ಸತ್ತಳು. ಆಳು ತಂಗಿಯ ಊರಿಗೆ ಹೊರಟದ್ದು ಬುಧವಾರ. ಇಷ್ಟನ್ನು ಹಾಡಿ ಅವನು ಮುಂದಿನ ಹೆಸರಿಗೆ ಹೋದ.

ವ್ಯಾಪಾರಿ ತನ್ನ ಹೆಳವನ ಮೇಲೆ ತಿರುಗಿಬಿದ್ದ.

"ಇದನ್ನ ಯಾಕ ನನಗ ನೆನಪು ಮಾಡಲಿಲ್ಲೋ ನೀ?"

"ನೀವು ಹೇಳಿರಲಿಲ್ರಿ ಸಾವ್ಕಾರ್ರ," ಎಂದ ಹೆಳವ.

ಅದು ನಿಜವಾಗಿತ್ತು. ವ್ಯಾಪಾರಿ ತನಗೆ ತಾನೇ ಕೂಡ ಹೇಳಿಕೊಳ್ಳದೆ ಬಿಟ್ಟಿದ್ದ ಮಾತು ಅದು. ವ್ಯಾಪಾರಿ ಆ ದಿನವೇ ಗಾಡಿ ಕಟ್ಟಿಸಿ ತಂಗಿಯ ಊರಿಗೆ ಹೋದ. ಹಂದರ ಬಿಚ್ಚಿ ಬಹಳ ದಿನವಾಗಿತ್ತು. ತಂಗಿ ಚಾಪೆ ಹಾಸಿದಳು. ಬೆಲ್ಲ, ನೀರು ಕೊಟ್ಟಳು. ಅವನು ಕೈ ಹಿಡಿದು ಅತ್ತ. ಅವಳು ಬಿಡಿಸಿಕೊಳ್ಳಲಿಲ್ಲ. ಊಟ ಮಾಡಿಕೊಂಡು ಹೋಗಿ ಎಂದಳು. ದಾರಿಯಲ್ಲಿ ಬಂದ ಯಾರಿಗಾದರೂ ಮಾಡುವ ಉಪಚಾರವನ್ನೆಲ್ಲ ಮಾಡಿದಳು. ಅಣ್ಣಾ ಎಂದು ಮಾತ್ರ ಕರೆಯಲಿಲ್ಲ. ಅವನು ಬದುಕಿರುವವರೆಗೂ ಮತ್ತೆ ಕರೆಯಲಿಲ್ಲ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಸಂಗನಬಸವನಿಗೆ ಒಪ್ಪಿಗೆಯಾಗಲಿಲ್ಲ.

"ಆ ವ್ಯಾಪಾರಿ ತನ್ನ ತಪ್ಪನ್ನು ಮುಚ್ಚಿಟ್ಟ, ಗುರುಗಳೇ. ಅದಕ್ಕೆ ಹೆಳವ ಏನು ಮಾಡುತ್ತಾನೆ? ನಾನು ಅಂಥವನಲ್ಲ. ನನ್ನ ಮನೆಯಲ್ಲಿ ನಡೆದದ್ದನ್ನೆಲ್ಲ ನಾನು ನನ್ನ ಗೆಳೆಯನಿಗೆ ಇದ್ದದ್ದು ಇದ್ದ ಹಾಗೆ ಹೇಳಿದ್ದೇನೆ."

ಗುರುಗಳು ಅವನನ್ನೇ ನೋಡುತ್ತ ಕೇಳಿದರು:

"ಹಾಗಾದರೆ ಅದು ಇದುವರೆಗೆ ನಿನಗೆ ನೆನಪು ಮಾಡಿಕೊಟ್ಟ ನಿನ್ನ ತಪ್ಪು ಒಂದೇ ಒಂದನ್ನು ಹೇಳು."