ಓಬಯ್ಯನ ಬೆನ್ನಿಗೆ ಸಾಕ್ಷಿ

"ಯುದ್ಧದ ಗಾಯ ಅಂದರೆ ಕಣ್ಣಿಗೆ ಕಾಣಬೇಕು, ಪ್ರಭು. ಇವನ ಮೈಮೇಲೆ ಒಂದು ಗೀರಾದರೂ ಇದೆಯೇ?" ದಳವಾಯಿ ಕೆಂಚಯ್ಯ ಮೀಸೆ ತೀಡಿದ. "ಬೆನ್ನು ಬಗ್ಗಿದ್ದು, ಮಂಡಿ ಹಿಡಿದದ್ದು ವಯಸ್ಸಿಗೆ. ಅಲ್ಲ ಅನ್ನುವುದಾದರೆ ಕಣ್ಣಾರೆ ಕಂಡ ಸಾಕ್ಷಿ ತರಲಿ."

ಮುದಿ ಸಿಪಾಯಿ ಓಬಯ್ಯ ಕೋಲೂರಿ ನಿಂತಿದ್ದ. ನಿಂತಿದ್ದ ಅನ್ನುವುದೂ ಮರ್ಯಾದೆಗೆ. ಅವನ ಕಣ್ಣಿಗೆ ಕಾಣುತ್ತಿದ್ದದ್ದು ದೊರೆಯ ಪಾದುಕೆ ಮಾತ್ರ. ದಂಡಿನಲ್ಲಿ ಮೈ ಕೆಟ್ಟವರಿಗೆ ಉಂಬಳಿಯಾಗಿ ಹೊಲ ಕೊಡುವುದು ಹಿರೇಕೋಟೆಯ ಪದ್ಧತಿ. ಅದು ಸಿಗದಿದ್ದರೆ ಅವನೂ ಹೆಂಡತಿಯೂ ಕಂಡವರ ಬಾಗಿಲಲ್ಲಿ ಕೈಯೊಡ್ಡಬೇಕಿತ್ತು. ಸಾಕ್ಷಿ ಎಲ್ಲಿಂದ ತರುವುದು? ಜೊತೆಗಿದ್ದವರೆಲ್ಲ ಮಣ್ಣಾಗಿದ್ದರು.

ಅವನ ಪರ ಮಾತಾಡುತ್ತೇನೆಂದು ಕರೆತಂದಿದ್ದ ಆಸ್ಥಾನದ ವಿದೂಷಕ ಸಿಂಗಣಯ್ಯನೋ, ದಳವಾಯಿಯ ಕಡೆ ತಿರುಗಿ ಹಲ್ಲು ಕಿರಿದ.

"ಅದು ಹಾಗಿರಲಿ ದಳವಾಯಿಗಳೇ. ಕರಿಗುಡ್ಡದ ಕೋಟೆ ಹತ್ತಿದ ಕತೆ ಇನ್ನೊಮ್ಮೆ ಹೇಳಿ. ಕೇಳಿ ಬಹಳ ದಿನವಾಯಿತು."

ಓಬಯ್ಯನಿಗೆ ಮೈ ಉರಿಯಿತು. ಇವನೂ ಬಾಲ ಬಡಿಯುವವನೇ ಅಂದುಕೊಂಡ.

ದಳವಾಯಿ ಅರಳಿದ. "ಏಣಿ ಗಿಡ್ಡವಾಗಿಬಿಟ್ಟಿತು. ಇದೇ ಓಬನನ್ನು ಬಗ್ಗಿಸಿ, ಬೆನ್ನ ಮೇಲೆ ಏಣಿ ಇಡಿಸಿದೆ. ಮೊದಲು ಹತ್ತಿದವನು ನಾನು."

"ಬರಿಮೈಯಲ್ಲಿ ಹತ್ತಿದಿರಾ?"

"ಬರಿಮೈಯೇ? ಕಬ್ಬಿಣದ ಅಂಗಿ, ಗುರಾಣಿ, ಹೆಗಲ ಮೇಲೆ ಬಾವುಟದ ಕಂಬ. ಕುದುರೆ ಏರಿದ್ದರೆ ಕುದುರೆಯೇ ಕುಸಿಯುತ್ತಿತ್ತು."

"ಹಾಗಾದರೆ ಓಬ ಅಲುಗಾಡಿರಬೇಕು."

"ಎಲ್ಲಿಯ ಮಾತು? ಆಗ ಇವನು ಊರಿಗೇ ಜಟ್ಟಿ. ಬೆನ್ನು ಬಂಡೆಯ ಹಾಗಿತ್ತು. ನನ್ನ ಹಿಂದೆ ದಂಡಿಗೆ ದಂಡೇ ಹತ್ತಿತು, ಇವನು ಹಂದಲಿಲ್ಲ."

"ಆಮೇಲೆ?"

"ಕೋಟೆ ಬಾಗಿಲು ತೆಗೆಸಿ ಹೊರಗೆ ಬಂದು ನೋಡುತ್ತೇನೆ, ಏಣಿ ತೆಗೆದಾಗಿದೆ, ಇವನು ಮಾತ್ರ ಹಾಗೇ ಬಗ್ಗಿಕೊಂಡಿದ್ದಾನೆ. ಏಳೋ ಸೋಮಾರಿ ಅಂತ ಗದರಿದೆ. ಏಳಲೇ ಇಲ್ಲ."

ಸಿಂಗಣಯ್ಯ ದೊರೆಗೆ ಕೈಮುಗಿದ. "ಕಣ್ಣಾರೆ ಕಂಡ ಸಾಕ್ಷಿ ಇವರೇ, ಪ್ರಭು. ಅವತ್ತು ಬಗ್ಗಿದವನು ಇವತ್ತಿಗೂ ಎದ್ದಿಲ್ಲ."

ದಳವಾಯಿ ಮೀಸೆಯಿಂದ ಕೈ ತೆಗೆದ. ಓಬಯ್ಯನಿಗೆ ಸಂತೋಷ ತಡೆಯಲಾಗಲಿಲ್ಲ. ಕಣ್ಣೀರು ಕೆನ್ನೆಯನ್ನೂ ಮುಟ್ಟದೆ ನೇರ ನೆಲಕ್ಕೆ ಬಿತ್ತು.

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕು, ಕೆರೆಯ ಕೆಳಗಿನ ಹೊಲವನ್ನು ಓಬಯ್ಯನಿಗೆ ಉಂಬಳಿ ಬಿಟ್ಟ. "ನಿನಗೇನು ಬೇಕು, ಸಿಂಗಣಯ್ಯ?"

"ಒಂದು ಹೊತ್ತಿಗೆ ದಳವಾಯಿಗಳ ಪಲ್ಲಕ್ಕಿ ಕೊಡಿಸಿ, ಪ್ರಭು. ಅವತ್ತು ಇವನು ಅವರನ್ನು ಕೋಟೆ ಮುಟ್ಟಿಸಿದ. ಇವತ್ತು ಅವರು ಇವನನ್ನು ಮನೆ ಮುಟ್ಟಿಸಲಿ."